ಕಾಗದದಲ್ಲಿ ಬಂದ ಮನೆ

ಹೆಣ್ಣು ಕೊಡುವ ಮೊದಲು ಗಂಡಿನ ಮನೆ ನೋಡಿ ಬರುವುದು ನಮ್ಮ ಕಡೆಯ ಪದ್ಧತಿ. ಬಾವಿಯಲ್ಲಿ ನೀರಿದೆಯೇ, ಅಡಿಗೆಮನೆಗೆ ಬೆಳಕಿದೆಯೇ, ಎಲ್ಲ ನೋಡಬೇಕು. ಬಾಳಬೇಕಾದವರು ಹೆಂಗಸರು, ನೋಡಲು ಹೋಗುವವರು ಮಾತ್ರ ಗಂಡಸರು! ನನ್ನ ಪಾಲಿಗೆ ಹೋದವನು ಕಾಕಾ, ಅಪ್ಪನ ತಮ್ಮ. ಕಂಡದ್ದನ್ನು ಹೇಳಲು ಅವನಿಗೆ ಬರುತ್ತಿರಲಿಲ್ಲ. ಯಾವ ಊರಿಗೆ ಹೋಗಿ ಬಂದರೂ ‘ಛಲೋ ಐತಿ’ ಅಂದರೆ ಅವನ ಮಾತು ಮುಗಿಯಿತು.

ಗಂಡು ಬೆಳಗಾವಿಯ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರರು. ಆ ಕಾಲದ ಖಾನಾಪುರದಲ್ಲಿ ಕಚೇರಿಯ ಕಾರಕೂನನಿಗಿದ್ದ ಬೆಲೆ ಚಿತ್ರ ಬರೆಯುವವರಿಗೆ ಎಲ್ಲಿಂದ ಬರಬೇಕು? ಅಜ್ಜಿಗೆ ಮೊದಲೇ ಮನಸ್ಸಿರಲಿಲ್ಲ. ಹೋಗುವಾಗ ಕಾಕಾನಿಗೆ ಕೇಳಿಕೊಂಡು ಬರಲು ಪ್ರಶ್ನೆಗಳ ಗಂಟನ್ನೇ ಕಟ್ಟಿಕೊಟ್ಟು ರೈಲು ಹತ್ತಿಸಿದಳು. ಅಲ್ಲಿ ಅವನ ಫಜೀತಿ ನೋಡಲಾರದೆ ಮಾಸ್ತರರೇ ಪೆನ್ಸಿಲ್ ಹಿಡಿದು ತಮ್ಮ ಮನೆಯ ಚಿತ್ರ ಬರೆದು ಕೊಟ್ಟಿದ್ದರು.

ಪಡಸಾಲೆಯಲ್ಲಿ ಅಜ್ಜಿ ಆ ಕಾಗದವನ್ನು ತಿರುವಿ ಮುರುವಿ ನೋಡಿ, ಬಲಗಡೆಯ ಗೋಡೆ ಇರಬೇಕಾದ ಜಾಗಕ್ಕೆ ಬೆರಳಿಟ್ಟಳು.

“ಇದೇನೋ, ಅರ್ಧಾ ಬರದು ಬಿಟ್ಟಾರ? ಈ ಬಾಜೂ ಗ್ವಾಡಿನ ಇಲ್ಲಲ್ಲೊ! ಬಿದ್ದೈತೇನು?”

“ಇಲ್ಲವ್ವಾ, ಗ್ವಾಡಿ ಐತಿ. ಅವರು ಬರದಿಲ್ಲ, ಅಷ್ಟ,” ಅಂದ ಕಾಕಾ.

“ಎಷ್ಟ ಎತ್ತರ ಐತಿ?”

“ಛಲೋ ಐತಿ.”

ಅಲ್ಲಿಗೆ ಅವನ ಸಾಕ್ಷಿ ಕೆಟ್ಟಿತು. “ಇದ್ದಿದ್ರ ಬರೀತಿರಲಿಲ್ಲೇನು? ಗ್ವಾಡಿ ಬಿದ್ದ ಮನಿಗೆ ಹುಡುಗಿ ಕೊಡೂದಿಲ್ಲ,” ಅಂದಳು ಅಜ್ಜಿ. ಅಜ್ಜನೂ, “ಹಂಗಾರ ಒಲ್ಲೆವು ಅಂತ ತಿಳಿಸೂಣು,” ಅಂದ.

ಎಲ್ಲರಿಗೂ ಮಜ್ಜಿಗೆ ಕೊಡಲು ಬಂದಿದ್ದ ನಾನು ಬಗ್ಗಿ ಆ ಚಿತ್ರ ನೋಡಿದೆ. ನಾನು ಅದುವರೆಗೆ ಕಂಡ ಚಿತ್ರಗಳೆಂದರೆ ದೇವರ ಪಟಗಳು, ಬೆರಳಿಡಲು ಜಾಗವಿಲ್ಲದಷ್ಟು ಬಣ್ಣ. ಇಲ್ಲಿ ಇದ್ದದ್ದೇ ಕೆಲವು ಗೆರೆ. ಗಲ್ಲಿಯ ಮನೆಗಳು ಒಂದಕ್ಕೊಂದು ಆತು ನಿಂತಿದ್ದವು. ದೂರದ ಮನೆಗಳಿಗೆ ಬರುವಾಗ ಪೆನ್ಸಿಲ್ ಕಾಗದಕ್ಕೆ ತಾಗಿಯೂ ತಾಗದ ಹಾಗೆ ಹೋಗಿತ್ತು. ಹಂಚಿನ ಮಾಡಿಗೆ ಒಂದೇ ಗೆರೆ, ಅದರ ಕೆಳಗೆ ಮಾತ್ರ ಒತ್ತಿ ಬರೆದ ಕಪ್ಪು ನೆರಳು. ಒಂದು ಕಟ್ಟೆ, ಬಾಗಿಲ ಚೌಕಟ್ಟು, ಮಹಡಿಯಲ್ಲಿ ತೆರೆದ ಕಿಟಕಿ. ಬಲಗಡೆ ಬರೀ ಬಿಳಿ ಕಾಗದ. ನೋಡುತ್ತಾ ನಿಂತರೆ ಆ ಬಿಳಿಯಲ್ಲಿ ಮಧ್ಯಾಹ್ನದ ಬಿಸಿಲು ಕಂಡಿತು! ನನಗಾದ ಸಂತೋಷವನ್ನು ಹೇಗೆ ಹೇಳಲಿ? ಗಂಡು ಕರಿಯನೋ ಬಿಳಿಯನೋ ಗೊತ್ತಿಲ್ಲ, ನನಗೆ ಆ ಮನೆ ಬೇಕೆನ್ನಿಸಿತು. ಅದು ಇನ್ನೇನು ಕೈತಪ್ಪಿ ಹೋಗುವುದರಲ್ಲಿತ್ತು.

“ಗ್ವಾಡಿ ಐತಿ ಅಜ್ಜಿ. ಅದರ ಮ್ಯಾಲೆ ಬಿಸಲು ಬಿದ್ದೈತಿ, ಅದಕ್ಕ ಬರದಿಲ್ಲ,” ಅಂದುಬಿಟ್ಟೆ.

ತನ್ನ ಮದುವೆಯ ಮಾತಿನಲ್ಲಿ ಹುಡುಗಿ ಬಾಯಿ ಹಾಕುವುದೆಂದರೇನು! ಅಜ್ಜ ಕಾಗದ ಎತ್ತಿಕೊಂಡು ಹೊಸ್ತಿಲಿಗೆ ಹೋದ. ಎದುರುಮನೆಯ ಸುಣ್ಣದ ಗೋಡೆ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಗೋಡೆ ನೋಡಿದ, ಕಾಗದ ನೋಡಿದ, ಮತ್ತೆ ಗೋಡೆ ನೋಡಿದ.

“ಖರೇ ಅಂತಾಳ ನೋಡ ಹುಡುಗಿ.”

“ಇನ್ನೂ ತಲಿ ಮ್ಯಾಲೆ ಅಕ್ಕಿಕಾಳ ಬಿದ್ದಿಲ್ಲ, ಆಗಲೇ ಗಂಡನ ಮನಿ ವಕೀಲಕಿ ಸುರು ಮಾಡ್ಯಾಳ!” ಅಂದಳು ಅಜ್ಜಿ. ಎಲ್ಲರೂ ನಕ್ಕರು. ನಾನು ಅಡಿಗೆಮನೆಗೆ ಓಡಿದೆ.

ಮದುವೆಯಾಗಿ ಬೆಳಗಾವಿಗೆ ಬಂದ ಮೇಲೆ ಒಂದು ದಿನ ಇದನ್ನೆಲ್ಲ ನಮ್ಮವರಿಗೆ ಹೇಳಿದೆ. ಅವರು ಬಹಳ ಹೊತ್ತು ನಕ್ಕರು. ನನಗಿಂತ ಮೊದಲು ನೋಡಿದ ಹೆಣ್ಣಿನ ಮನೆಗೂ ಇಂಥದೇ ಚಿತ್ರ ಹೋಗಿತ್ತಂತೆ. ಅವರೂ ಗೋಡೆ ಬಿದ್ದಿದೆ ಅಂದುಕೊಂಡು ಹೆಣ್ಣು ಕೊಡಲಿಲ್ಲವಂತೆ.

“ಅಷ್ಟಾದರೂ ಮತ್ತ ಹಂಗ ಬಿಟ್ಟು ಕಳಿಸಿದ್ರೇನ್ರಿ? ಎರಡ ಗೆರಿ ಎಳದಿದ್ರ ಆಗತಿತ್ತಲ್ಲ?”

“ಎಳೀಬಹುದಿತ್ತು. ಆದರ ಯಾರಿಗರ ಕಾಣಸ್ತದೇನು ಅಂತ ನೋಡಾಕತ್ತಿದ್ದೆ,” ಅಂದರು.