ಮನೆಗೊಂದು ಮೂಗು

ಇವತ್ತು ಬೆಳಿಗ್ಗೆ ಫ್ರಿಜ್ಜಿನಿಂದ ನಿನ್ನೆಯ ಬದನೆಕಾಯಿ ಪಲ್ಯದ ಡಬ್ಬಿ ತೆಗೆದು, ರೂಢಿಯಂತೆ ಮೂಗಿಗೆ ಹಿಡಿದೆ. ಏನೂ ತಿಳಿಯಲಿಲ್ಲ. ಮತ್ತೊಮ್ಮೆ ಜೋರಾಗಿ ಎಳೆದುಕೊಂಡೆ. ಗೋಡೆ ಮೂಸಿದ ಹಾಗಾಯಿತು. ಸಿಂಧನೂರಿನಲ್ಲಿ ಭತ್ತದ ಕೊಯ್ಲು ಶುರುವಾಗಿ ಧೂಳೆದ್ದರೆ ನನಗೆ ನೆಗಡಿ ಗ್ಯಾರಂಟಿ. ಎದುರಿಗೆ ನಮ್ಮ ಅತ್ತೆ ರೊಟ್ಟಿ ಮುರಿದಿಟ್ಟುಕೊಂಡು, ಡಬ್ಬಿಯನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತಾ ಕೂತಿದ್ದರು. ಯಾಕೆ ಎಂದು ಹೇಳಬೇಕಾದರೆ ನಿಮ್ಮನ್ನು ಸ್ವಲ್ಪ ಹಿಂದಕ್ಕೆ ಕರೆದೊಯ್ಯಬೇಕು.

ಮೂಸುವುದು ನನಗೆ ತವರಿನಿಂದ ಬಂದ ಬಳುವಳಿ. ನಾನು ಹುಟ್ಟಿ ಬೆಳೆದದ್ದು ಹಟ್ಟಿಯ ಕಂಪನಿ ಕ್ವಾರ್ಟರ್ಸಿನಲ್ಲಿ. ಅಪ್ಪ ಚಿನ್ನದ ಗಣಿಯೊಳಗೆ ಇಳಿಯುವವರು. ಅವ್ವ ಅವರ ಬುತ್ತಿ ಕಟ್ಟುವಾಗ ಪಲ್ಯ, ಮೊಸರು, ಚಟ್ನಿ ಎಲ್ಲವನ್ನೂ ಒಂದೊಂದಾಗಿ ಮೂಸಿಯೇ ಡಬ್ಬಿಗೆ ಹಾಕುತ್ತಿದ್ದಳು. "ಭೂಮಿ ಒಳಗ ಇಳದ ಮ್ಯಾಲ ಬುತ್ತಿ ಹಳಸಿದ್ರ, ನಿಮ್ಮಪ್ಪ ಅಲ್ಲಿ ಕಲ್ಲು ತಿಂತಾನೇನು?" ಎನ್ನುತ್ತಿದ್ದಳು. ಹೀಗಾಗಿ ಊಟಕ್ಕೆ ಮುಂಚೆ ಕೈ ತೊಳೆಯುವುದು ಹೇಗೋ, ಮೂಸುವುದೂ ಹಾಗೇ ಎಂದು ನಾನು ತಿಳಿದಿದ್ದೆ.

ಮದುವೆಯಾದ ಹೊಸದರಲ್ಲಿ ಲಿಂಗಸುಗೂರು ಬಸ್‌ಸ್ಟ್ಯಾಂಡಿನಲ್ಲಿ ಗಂಡ ಪ್ರೀತಿಯಿಂದ ಮಿರ್ಚಿ ಭಜಿ ಕೊಡಿಸಿದ. ನಾನು ಮೊದಲು ಭಜಿ ಮೂಸಿದೆ, ಆಮೇಲೆ ಅದನ್ನು ಕಟ್ಟಿದ ಕಾಗದವನ್ನೂ ಮೂಸಿದೆ. ಎಣ್ಣೆ ಕಮಟಾಗಿತ್ತು. ಅವನು ನನ್ನ ಪಾಲನ್ನೂ ತಾನೇ ತಿಂದು, ದಾರಿಯುದ್ದಕ್ಕೂ ನಗುತ್ತಾ ಬಂದ. ಮನೆಯಲ್ಲಿ ಮಾತ್ರ ಇದು ನಗುವ ವಿಷಯವಾಗಿರಲಿಲ್ಲ. ಮೊದಲ ವಾರವೇ ನಾನು ಸಾರಿನ ಬಟ್ಟಲಿನ ಹತ್ತಿರ ಮೂಗು ತಂದದ್ದನ್ನು ಅತ್ತೆ ನೋಡಿಬಿಟ್ಟರು.

"ನಮ್ಮ ಮನ್ಯಾಗ ಮೂಸಿ ಉಣ್ಣೋರು ಇಲ್ಲವಾ. ಮೂಸೋದು ನಾಯಿ."

ಅವರದು ಬಹಳ ಮಡಿ. ದೇವರಿಗೆ ಎಡೆ ಹಿಡಿಯುವ ಅಡುಗೆಯ ಮೇಲೆ ಉಸಿರೂ ಬೀಳಬಾರದೆಂದು ಸೆರಗನ್ನು ಮೂಗು ಬಾಯಿಗೆ ಬಿಗಿದು ಕಟ್ಟಿಕೊಂಡೇ ಒಲೆಯ ಮುಂದೆ ನಿಲ್ಲುವವರು. ಉಪ್ಪು ನೋಡುವುದಂತೂ ದೂರದ ಮಾತು. ಅಂದಿನಿಂದ ನಾನು ಕದ್ದು ಮೂಸುವುದನ್ನು ಕಲಿತೆ. ಚಮಚ ಎತ್ತುವ ನೆಪದಲ್ಲಿ ಬಗ್ಗುವುದು, ಬೆವರು ಒರೆಸುವ ನೆಪದಲ್ಲಿ ತಟ್ಟೆಗೆ ಹತ್ತಿರವಾಗುವುದು. ಹೊಟ್ಟೆ ತುಂಬ ಊಟವಿದ್ದ ಮನೆಯಲ್ಲಿ ನಾನು ಭಯದಿಂದ ಉಣ್ಣುತ್ತಿದ್ದೆ.

ಹೀಗಿರುವಾಗ ಶ್ರಾವಣ ಸೋಮವಾರ ಬಂತು. ಮಸ್ಕಿಯಿಂದ ಮನೆತನದ ಗುರುಗಳಾದ ಅಯ್ಯನೋರು ಊಟಕ್ಕೆ ಬರುವವರಿದ್ದರು. ಅತ್ತೆಯ ಹೋಳಿಗೆ ಎಂದರೆ ಬಳಗದಲ್ಲೆಲ್ಲ ಹೆಸರು. ಬೆಳಿಗ್ಗೆ ಕರೆಂಟು ಇರುವುದಿಲ್ಲವೆಂದು ಹಿಂದಿನ ಸಂಜೆಯೇ ಹೂರಣ ರುಬ್ಬಿ, ಅವಸರದಲ್ಲಿ ಬಿಸಿ ಆರುವ ಮೊದಲೇ ಮುಚ್ಚಳ ಬಿಗಿದಿಟ್ಟಿದ್ದರು.

ಆ ಮುಚ್ಚಳ ತೆಗೆದಾಗ ನಾನು ಪಕ್ಕದಲ್ಲಿ ಕಣಕ ನಾದುತ್ತಿದ್ದೆ. ದೇವರಾಣೆಗೂ ನಾನು ಮೂಸಲಿಲ್ಲ. ಹುಳಿ ವಾಸನೆ ತಾನೇ ಬಂದು ಮೂಗಿಗೆ ಬಡಿಯಿತು. ಅತ್ತೆ ಮಾತ್ರ ಏನೂ ಆಗದವರಂತೆ ಹೂರಣದ ಉಂಡೆ ಕಟ್ಟತೊಡಗಿದರು. ಅಂಗಳದಲ್ಲಿ ಅಯ್ಯನೋರು ಕಾಲು ತೊಳೆಯುವ ಸದ್ದು ಕೇಳಿತು. ಹೇಳಿದರೆ ಎಡೆಯ ಅಡುಗೆ ಮೂಸಿದವಳಾಗುತ್ತೇನೆ. ಸುಮ್ಮನಿದ್ದರೆ ಅತಿಥಿಯ ತಟ್ಟೆಗೆ ಹಳಸಿದ್ದು ಬೀಳುತ್ತದೆ. ಕೊನೆಗೆ ಅವ್ವನ ಮಾತೇ ಗೆದ್ದಿತು.

"ಅತ್ತೀ, ಹೂರಣ ಹಳಸೈತ್ರಿ."

"ಮೂಸಿದೇನು?"

"ಇಲ್ರೀ, ತಾನಾ ವಾಸನಿ ಬರಾಕತ್ತೈತ್ರಿ."

ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಬೈಗುಳ ಬರಲಿಲ್ಲ. ಅತ್ತೆ ಮೂಗಿನ ಮೇಲಿನ ಸೆರಗು ಇಳಿಸಿ, ಪಾತ್ರೆಗೆ ಬಗ್ಗಿ, ತಾವೇ ಉದ್ದಕ್ಕೆ ಉಸಿರೆಳೆದುಕೊಂಡರು. ಅವರು ಮೂಸಿದ್ದನ್ನು ನಾನು ಕಂಡದ್ದು ಅದೇ ಮೊದಲು. ತಲೆ ಎತ್ತಿದಾಗ ಕಣ್ಣಲ್ಲಿ ನೀರಿತ್ತು.

"ನನಗೇನೂ ತಿಳೀವಲ್ದವಾ. ಹ್ವಾದ ಚಳಿಗಾಲದಾಗ ಜ್ವರ ಬಂದು ಹೋತಲ್ಲ, ಆವಾಗಿಂದ ಮಲ್ಲಿಗಿನೂ ಒಂದಾ, ಸೀಮೆಎಣ್ಣಿನೂ ಒಂದಾ ಆಗೈತಿ. ಯಾರಿಗಿ ಹೇಳಲಿ? ದಿನಾ ಬಡಸೂವಾಗ ಎದಿ ಡವಡವ ಅಂತೈತಿ, ಎಲ್ಲಿ ಹಳಸಿದ್ದು ಇಟ್ಟೆನೋ ಅಂತ."

ಒಂದೇ ಅಡುಗೆಮನೆಯಲ್ಲಿ ನಾನು ಮೂಗು ಇದ್ದದ್ದನ್ನು ಮುಚ್ಚಿಡುತ್ತಿದ್ದೆ, ಅವರು ಇಲ್ಲದ್ದನ್ನು ಮುಚ್ಚಿಡುತ್ತಿದ್ದರು. ಕಣ್ಣೊರೆಸಿಕೊಂಡು ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿದರು. "ಶ್ಯಾವಿಗಿ ಪಾಯಸ ಮಾಡೂಣು. ಮೊದಲ ಹಾಲು ನೋಡು."

"ಮೂಸಲೇನ್ರಿ?"

"ಮತ್ತೇನು, ಕಿವಿಗಿ ಹಿಡೀತಿಯಾ?"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆ ಹಾಲಿನ ಪಾತ್ರೆಗೆ ಮೂಗಿಟ್ಟು ನಾನು ಎಳೆದುಕೊಂಡ ಉಸಿರು, ಆ ಮನೆಯಲ್ಲಿ ನಿರಾಳವಾಗಿ ಎಳೆದುಕೊಂಡ ಮೊದಲ ಉಸಿರು. ಅಯ್ಯನೋರು ಪಾಯಸವನ್ನು ಎರಡನೆಯ ಸಲ ಹಾಕಿಸಿಕೊಂಡು ಆಶೀರ್ವಾದ ಮಾಡಿ ಹೋದರು. ಅತ್ತೆಯ ಮೂಗಿಗೆ ಆಮೇಲೂ ವಾಸನೆ ಮರಳಲಿಲ್ಲ. ಆದರೆ ಅವರ ಅಂಜಿಕೆ ಹೋಯಿತು. ಎಡೆಯ ಅಡುಗೆಗೂ ನನ್ನನ್ನೇ ಕರೆಯತೊಡಗಿದರು. "ಬೀಗರ ಮನಿಯಿಂದ ಬಂಗಾರಕ್ಕಿಂತ ಚಲೋದು ಬಂದೈತಿ" ಎಂದು ಬಳಗದವರ ಮುಂದೆ ಹೇಳುತ್ತಿದ್ದರು. ಹಟ್ಟಿಯವಳಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇನ್ನೇನು ಬೇಕು?

ಈಗ ಗೊತ್ತಾಯಿತಲ್ಲ, ಬೆಳಿಗ್ಗೆ ಅವರು ನನ್ನ ಮುಖ ಯಾಕೆ ನೋಡುತ್ತಿದ್ದರೆಂದು. ಇಷ್ಟು ವರ್ಷ ನಾನು ತಲೆ ಆಡಿಸಿದ ಮೇಲೆಯೇ ಅವರು ತುತ್ತು ಎತ್ತುವುದು. ಇವತ್ತು ಡಬ್ಬಿ ಹಿಡಿದು ನಿಂತವಳಿಗೆ ಅವರ ಅಂದಿನ ಡವಡವ ನನ್ನ ಎದೆಯಲ್ಲೇ ಕೇಳಿಸಿತು.

"ನನಗೂ ತಿಳೀವಲ್ದು ಅತ್ತೀ," ಎಂದೆ.

ಅಷ್ಟರಲ್ಲಿ ಕಾಲೇಜಿಗೆ ಹೊರಟಿದ್ದ ಮಗಳು ಒಳಗೆ ಬಂದಳು. ಹಾಲಿನ ಪಾಕೀಟಿನ ಮೇಲೆ ತಾರೀಖು ಇರುವಾಗ ಮೂಸುವುದೇಕೆ ಎಂದು ದಿನವೂ ನನ್ನನ್ನು ಕಾಡುವವಳು ಇವಳೇ. ನನ್ನ ಕೈಯಿಂದ ಡಬ್ಬಿ ಕಸಿದು ಮೂಗಿಗೆ ಹಿಡಿದಳು. ಕಣ್ಣು ಮುಚ್ಚಿ, ಮೆಲ್ಲಗೆ, ಥೇಟ್ ನಮ್ಮವ್ವನ ಹಾಗೆ.

"ಚಲೋ ಐತಿ ಅಜ್ಜೀ, ಉಣ್ಣು."

ಅತ್ತೆ ಪಲ್ಯ ಬಡಿಸಿಕೊಂಡು ತುತ್ತು ಎತ್ತಿದರು. ಅಗಿಯುತ್ತಲೇ ನನ್ನ ಕಡೆ ನೋಡಿ ನಕ್ಕರು.

"ನೀ ಇನ್ನ ಹಾಯಾಗಿ ನೆಗಡಿ ಬರಿಸ್ಕೊಳ್ಳವಾ."