ಕೈಗೆ ಕೊಡದ ಟಿಕೆಟ್ಟು

“ಅಮ್ಮಾ, ಆ ಮಾಮ ಟಿಕೆಟ್ಟು ನಿನ್ನ ಕೈಯಾಗ ಯಾಕ ಕೊಡಂಗಿಲ್ಲ?”

ಕೊಟ್ಟೂರಿನಿಂದ ಹರಪನಹಳ್ಳಿಗೆ ಹೊರಟ ಬೆಳಗಿನ ಬಸ್ಸಿನಲ್ಲಿ ಪುಟ್ಟ ಕೀರ್ತನಾ ಕೇಳಿದ್ದು ಹಿಂದಿನ ಸೀಟಿನವರೆಗೂ ಕೇಳಿಸಿತು. ಕಂಡಕ್ಟರ್ ಪಾಲಣ್ಣ ಗಂಡಸರಿಗೆ ಟಿಕೆಟ್ಟನ್ನು ಕೈಗೇ ಕೊಡುತ್ತಿದ್ದ. ಹೆಂಗಸರದನ್ನು ಮಾತ್ರ ಮುಂದಿನ ಸೀಟಿನ ಕಂಬಿಯ ಸಂದಿಗೆ ಸಿಕ್ಕಿಸಿ, ಮುಖವನ್ನು ಕಿಟಕಿಯತ್ತ ತಿರುಗಿಸಿ ಮುಂದೆ ಸರಿಯುತ್ತಿದ್ದ. ಸುಕನ್ಯಾ ಮಗಳ ಬಾಯಿಗೆ ಬಿಸ್ಕತ್ತು ಇಟ್ಟಳು. ಡ್ರೈವರ್ ಚೌಡಣ್ಣ ಸುಮ್ಮನಿರಬೇಕಲ್ಲ.

“ಇಕ್ಕಳ ತಂದ್ಕೊಡ್ಲೇನಲೇ, ಪಾಲಾ?” ಎಂದ. ನಾಲ್ಕು ಜನ ನಕ್ಕರು.

ಎರಡು ವರ್ಷದ ಹಿಂದೆ, ಊರಿಗೆ ಹೊಸದಾಗಿ ಬಂದ ನರ್ಸಮ್ಮನೊಬ್ಬಳು ಇದೇ ಬಸ್ಸನ್ನು ಸ್ಟಾಪಿಲ್ಲದ ಕಡೆ ನಿಲ್ಲಿಸೆಂದು ಹಠ ಹಿಡಿದಿದ್ದಳು. ಪಾಲಣ್ಣನ ಬಾಯಿ ಮೊದಲೇ ಹರಿತ. ನಿಮ್ಮಪ್ಪನ ಬಸ್ಸೇನು ಎಂದು ಒದರಿದ. ಆಕೆ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ಮಾಲೀಕನೆದುರು ನಿಂತು, ಇವನು ನನ್ನ ಜೊತೆ ಮಿಸ್‌ಬಿಹೇವ್ ಮಾಡಿದ ಎಂದಳು. ಆಕೆ ಅಂದದ್ದು ಆ ಬೈಗುಳಕ್ಕೆ. ಸ್ಟ್ಯಾಂಡಿನ ಜನಕ್ಕೆ ಆ ಇಂಗ್ಲಿಷ್ ಪದಕ್ಕೆ ಗೊತ್ತಿದ್ದ ಅರ್ಥ ಒಂದೇ: ಮೈ ಮುಟ್ಟುವುದು. ಮಾತು ಚಹಾದಂಗಡಿ ದಾಟುವಷ್ಟರಲ್ಲಿ ಸೆರಗು ಎಳೆದನಂತೆ ಎಂದಾಯಿತು. ನರ್ಸಮ್ಮ ವರ್ಗವಾಗಿ ಹೋದಳು, ಮಾತು ಇಲ್ಲೇ ಉಳಿಯಿತು. ಪಾಲಣ್ಣನ ಮಗಳು ಪುಷ್ಪಲತಾಳಿಗೆ ಗೊತ್ತಾಗಿದ್ದ ಸಂಬಂಧ ಮುರಿಯಿತು. ಹೆಂಡತಿ ಹುಲುಗಮ್ಮ ಜಗಳವಾಡಲಿಲ್ಲ. ಉಣ್ಣಲಿಕ್ಕೆ ಇಟ್ಟು ಒಳಗೆ ಹೋಗುವಳು, ಎದುರು ಕೂರುವುದನ್ನು ಬಿಟ್ಟಳು.

ಹರಪನಹಳ್ಳಿಯಲ್ಲಿ ಉಳಿದವರೆಲ್ಲ ಇಳಿದರು. ಸುಕನ್ಯಾ ಸೀಟಿನಡಿ ಮಗಳ ಚಪ್ಪಲಿ ಹುಡುಕುತ್ತಿದ್ದಳು. ಪಾಲಣ್ಣ ಬಾಗಿಲಲ್ಲೇ ನಿಂತಿದ್ದ. ಮಗುವಿನ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದಳು. ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು. ಮಿಸ್‌ಬಿಹೇವ್ ಅಂದರೆ ಸರಿಯಾಗಿ ನಡೆದುಕೊಳ್ಳದಿರುವುದು ಎಂದಷ್ಟೇ ಅರ್ಥ, ಬೈದರೂ ಹಾಗೇ ಅನ್ನುತ್ತಾರೆ ಎಂದು ಸಮಾಧಾನ ಹೇಳಿದಳು.

“ಪುಸ್ತಕದಾಗ ಇರಬಹುದ್ರಿ ಅಕ್ಕಾರ. ಸ್ಟ್ಯಾಂಡಿನಾಗ ಇಲ್ಲ.”

ಸೋಮವಾರ ಹೊಸಹಳ್ಳಿಯವರು ಪುಷ್ಪಲತಾಳನ್ನು ನೋಡಲು ಇದೇ ಬಸ್ಸಿಗೆ ಬರುವವರಿದ್ದರು. ಕಂಬಿಗೆ ಟಿಕೆಟ್ಟು ಸಿಕ್ಕಿಸಿದರೆ ಅವರೂ ಯಾಕೆಂದು ಕೇಳುತ್ತಾರೆ. ಹೇಳಲು ಬಸ್ಸಿನ ತುಂಬ ಬಾಯಿಗಳಿವೆ. ಕೈಗೆ ಕೊಡಲು ಹೋದಾಗ ಯಾರಾದರೂ ಹೆಂಗಸು ಕೈ ಎಳೆದುಕೊಂಡರೆ ಅಲ್ಲಿಗೆ ಮುಗಿಯಿತು. ಇಷ್ಟನ್ನು ನೆಲ ನೋಡುತ್ತ ಹೇಳಿದವನು ಆಮೇಲೆ ತಲೆಯೆತ್ತಿ ಅವಳ ಮುಖ ನೋಡಿದ.

“ಅವತ್ತು ಮುಂದಿನ ಸೀಟಿನಾಗ ಕುಂದರ್ರಿ. ಟಿಕೆಟ್ಟು ನಿಮ್ಮ ಕೈಯಾಗ ಕೊಡ್ತೀನಿ. ಕೈ ಹಿಂದಕ್ಕ ತಗೀಬ್ಯಾಡ್ರಿ.”