ಇನ್ನೊಂಚೂರು ಎಡಕ್ಕೆ

ನಿನ್ನೆ ಜೋಗಿಮಟ್ಟಿ ಗುಡ್ಡ ಹತ್ತುವಾಗ ನೀರು ಬೀಳುವ ಬಂಡೆಯ ಹತ್ತಿರ ಹಸಿ ಪಾಚಿಯ ವಾಸನೆ ಬಂತು. ಅಪ್ಪನ ಡಬ್ಬಿ ಕ್ಯಾಮೆರಾ ನೆನಪಾಯಿತು.

ಅದನ್ನು ಹೊಟ್ಟೆಗೆ ಆನಿಸಿ ಹಿಡಿದು, ತಲೆ ಬಗ್ಗಿಸಿ ಮೇಲಿನ ಗಾಜಿನೊಳಗೆ ನೋಡಬೇಕಿತ್ತು. ಗಾಜಿನಲ್ಲಿ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತಿತ್ತು. ಅಪ್ಪ ಪ್ರತಿ ಸಲವೂ ಇದನ್ನು ಮರೆಯುತ್ತಿದ್ದರು. ನೆನಪಿಸಿದರೆ ರೇಗುತ್ತಿದ್ದರು.

ನಾನು ಚಿಕ್ಕವಳಿದ್ದಾಗ ಒಮ್ಮೆ ಅಮ್ಮ ಫೋಟೋಕ್ಕೆಂದೇ ರೇಷ್ಮೆ ಸೀರೆ ಉಟ್ಟು, ಇದೇ ಬಂಡೆಯ ಮೇಲೆ ನೀರಿಗೆ ಬೆನ್ನು ಮಾಡಿ ನಿಂತಿದ್ದಳು. ಅವಳ ಎಡಗಡೆ ಬರೀ ಪಾಚಿ, ಅದರಾಚೆ ಇಳಿಜಾರು.

"ಎಡಕ್ಕೆ ಸರ್ಕೊ," ಅಂದರು ಅಪ್ಪ. ಅಮ್ಮ ಸರಿದಳು.

"ಇನ್ನೊಂಚೂರು."

ಅಪ್ಪ ತಲೆ ಎತ್ತಿರಲಿಲ್ಲ. ಅಮ್ಮ ಒಮ್ಮೆ ಪಾಚಿಯನ್ನು ನೋಡಿದಳು, ಒಮ್ಮೆ ಅಪ್ಪನ ನೆತ್ತಿಯನ್ನು ನೋಡಿದಳು. ಆಮೇಲೆ ಕಾಲಿಟ್ಟಳು.

ಜಾರಿದವಳು ಕೆಳಗಿನ ಪೊದೆಗೆ ಸಿಕ್ಕಿಕೊಂಡು ಉಳಿದಳು. ಬಳೆ ಒಡೆದು ಮುಂಗೈ ತುಂಬ ರಕ್ತ. ಅಪ್ಪ ಓಡಿಹೋಗಿ ಎತ್ತಿದರು, ಎತ್ತುತ್ತಲೇ ಬೈದರು.

"ಪಾಚಿ ಐತೆ ಅಂತ ಕಾಣ್ಲಿಲ್ವೇನೆ ನಿಂಗೆ?"

"ಕಾಣ್ತಿತ್ತು," ಅಂದಳು ಅಮ್ಮ. "ನೀವು ಸರ್ಕೊ ಅಂದ್ರಲ್ಲ."

ಹೊಳಲ್ಕೆರೆಗೆ ಮರಳುವ ಬಸ್ಸಿನಲ್ಲಿ ಅಪ್ಪ ತಮ್ಮ ಕರವಸ್ತ್ರವನ್ನು ಅಮ್ಮನ ಮುಂಗೈಗೆ ಕಟ್ಟಿದರು. ನನಗೆ ಮಾತ್ರ ಅಮ್ಮನ ಮೇಲೇ ಸಿಟ್ಟು ಬಂದಿತ್ತು. ನಾನಾಗಿದ್ದರೆ ಖಂಡಿತ ಸರಿಯುತ್ತಿರಲಿಲ್ಲ ಅಂದುಕೊಂಡೆ. ಎಷ್ಟೋ ವರ್ಷ ಹಾಗೇ ಅಂದುಕೊಂಡಿದ್ದೆ.

ನಿನ್ನೆ ನಮ್ಮ ಯಜಮಾನರು ಮೊಬೈಲ್ ಎತ್ತಿ ಹಿಡಿದು, "ಸ್ವಲ್ಪ ಹಿಂದಕ್ಕೋಗು," ಅಂದರು. ಹಿಂದೆ ಏನಿದೆ ಎಂದು ತಿರುಗಿ ನೋಡಿದೆ. ಅಷ್ಟರಲ್ಲಿ ನನ್ನ ಕಾಲು ಆಗಲೇ ಹಿಂದಕ್ಕೆ ಹೋಗಿತ್ತು.